ಬಟ್ಟೆ ನೋಡುವ ಕೈ

ನನ್ನನ್ನು ನೋಡಲು ಶಾಮನೂರಿನ ನಮ್ಮ ಮನೆಗೆ ಬಂದ ದಿನ ನನ್ನ ಅತ್ತೆ ನನ್ನ ಮುಖ ನೋಡಲಿಲ್ಲ. ಪಕ್ಕಕ್ಕೆ ಬಂದು ಕೂತವರು ನನ್ನ ಸೆರಗಿನ ತುದಿಯನ್ನು ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಹಿಡಿದು, ಅತ್ತ ಗಂಡಸರ ಮಾತಿಗೆ ಹೂಂಗುಡುತ್ತಲೇ, ಮೆಲ್ಲಗೆ ಉಜ್ಜಿದರು. ಉಜ್ಜಿ ಬಿಟ್ಟರು. ಒಳಗೆ ಹೋದ ಮೇಲೆ ನಾನು ನಮ್ಮವ್ವನಿಗೆ ಹೇಳಿದೆ, "ಆಕಿ ಹೆಣ್ಣು ನೋಡಾಕೆ ಬಂದಿಲ್ಲವ್ವಾ, ಸೀರಿ ನೋಡಾಕೆ ಬಂದಾಳೆ." ಅವ್ವ ತೊಡೆ ಚಿವುಟಿ ಸುಮ್ಮನಾಗಿಸಿದಳು. ಮುಂದೆ ಮಾತು ಕುದುರಿತು. ಸೀರೆ ಪಾಸಾಗಿರಬೇಕು ಎಂದುಕೊಂಡೆ.

ಅತ್ತೆಯ ಆ ಕೈ ಅವರ ಬಳಗದಲ್ಲಿ ಹೆಸರುವಾಸಿ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವರ ತವರು ಕುಕ್ಕುವಾಡದಲ್ಲಿ ಮದುವೆಯಿರಲಿ, ಹರಿಹರದ ನೆಂಟರಲ್ಲಿ ಸೀಮಂತವಿರಲಿ, ಬಟ್ಟೆ ತೆಗೆಯುವ ದಿನ ಅವರಿಗೆ ಕರೆ ಬರಲೇಬೇಕು. ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಊಟಕ್ಕೆ ಕರೆಯಲು ಮರೆತರೂ ಮರೆತಾರು, ಜವಳಿಗೆ ಕರೆಯಲು ಮರೆತವರಿಲ್ಲ.

ಈ ವಿದ್ಯೆ ಅವರಿಗೆ ಬಂದದ್ದು ಮನೆಯಲ್ಲೇ. ಮಾವ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ, ನೇಯ್ದು ಬಂದ ಬಟ್ಟೆಯಲ್ಲಿ ದೋಷ ಹುಡುಕುವ ಕೆಲಸದಲ್ಲಿದ್ದರು. ಎಳೆ ತಪ್ಪಿದ, ಬಣ್ಣ ಕೆಟ್ಟ ತುಂಡುಗಳನ್ನು ಗಿರಣಿಯವರು ಕೆಲಸಗಾರರಿಗೆ ತೂಕದ ಮೇಲೆ ಕೊಡುತ್ತಿದ್ದರಂತೆ. ಆ ಗಂಟು ಮನೆಗೆ ಬಂದರೆ ಅತ್ತೆ ಪಡಸಾಲೆಯಲ್ಲಿ ಬಿಚ್ಚಿಕೊಂಡು ಕೂತು ಯಾವುದು ಲಂಗಕ್ಕೆ, ಯಾವುದು ದಿಂಬಿಗೆ, ಯಾವುದು ಕೂಸಿನ ಕುಲಾವಿಗೆ ಎಂದು ಮುಟ್ಟಿ ಮುಟ್ಟಿ ಬೇರೆ ಮಾಡುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಗಿರಣಿಯೂ ಮುಚ್ಚಿತ್ತು, ಮಾವನೂ ಇರಲಿಲ್ಲ. ಕೈ ಮಾತ್ರ ಉಳಿದಿತ್ತು.

ಅಂಗಡಿಗೆ ಹೋದರೆ ಅವರ ಗತ್ತೇ ಬೇರೆ. ಬಣ್ಣವನ್ನು ಕೊನೆಗೆ ನೋಡುತ್ತಿದ್ದರು. ಮೊದಲು ಬಟ್ಟೆಯ ಒಳಮೈಯನ್ನು ಬೆರಳ ನಡುವೆ ಉಜ್ಜುವುದು. ಆಮೇಲೆ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುವುದು, ಸುಕ್ಕು ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ನೋಡುವುದು. ಬಾಗಿಲ ಬೆಳಕಿಗೆ ಹಿಡಿದು ನೇಯ್ಗೆ ಒತ್ತಾಗಿದೆಯೋ ಜಾಳಾಗಿದೆಯೋ ತಿಳಿಯುವುದು. ಗಂಜಿ ಹಾಕಿ ದಪ್ಪ ಮಾಡಿದ್ದಾರೆಂಬ ಗುಮಾನಿ ಬಂದರೆ ಬೆರಳು ಒದ್ದೆ ಮಾಡಿ ತಿಕ್ಕುವುದು. ಅಷ್ಟಕ್ಕೂ ತೀರ್ಮಾನವಾಗದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಅಂಗಡಿಯ ಮೆಟ್ಟಿಲಿಗೆ ಹೋಗಿ ಸುಡುವುದು. ಹತ್ತಿ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲ ವಾಸನೆ. ಪಾಲಿಸ್ಟರ್ ಸುಡುವುದಿಲ್ಲ, ಕರಗಿ ಗಟ್ಟಿ ಗುಂಡಾಗುತ್ತದೆ. ಚೌಕಿಪೇಟೆಯ ಹಳೆಯ ಅಂಗಡಿಯವರು ಅತ್ತೆಯನ್ನು ಕಂಡರೆ ಬೆಂಕಿಪೊಟ್ಟಣವನ್ನು ತಾವೇ ತಂದಿಡುತ್ತಿದ್ದರು. ಅದು ಮರ್ಯಾದೆಯೋ, ಬೇಗ ಮುಗಿಯಲೆಂಬ ಆತುರವೋ ನಾನು ಕೇಳಲಿಲ್ಲ.

ಅವರ ತೀರ್ಪು ಎರಡೇ. "ಚಲೋ ಐತೆ", ಇಲ್ಲವೇ "ಬ್ಯಾಡ". ಬ್ಯಾಡ ಎಂದ ಮೇಲೆ ಯಾಕೆ ಎಂದು ಕೇಳುವ ಹಾಗಿಲ್ಲ. ಕೋರ್ಟಿನಲ್ಲಾದರೆ ಮೇಲ್ಮನವಿ ಅಂತ ಒಂದಿರುತ್ತದೆ.

ನನ್ನ ಮದುವೆಯ ಜವಳಿಯೂ ಚೌಕಿಪೇಟೆಯಲ್ಲೇ ಆಯಿತು. ನಮ್ಮ ಕಡೆ ಜವಳಿ ಎಂದರೆ ಸುಮ್ಮನೆ ಬಟ್ಟೆ ಕೊಳ್ಳುವುದಲ್ಲ. ಗಂಡಿನವರೂ ಹೆಣ್ಣಿನವರೂ ಒಟ್ಟಿಗೆ ಹೋಗಿ, ಅಂಗಡಿಯ ಬಿಳಿ ಗಾದಿಯ ಮೇಲೆ ಎದುರು ಬದುರು ಕೂತು, ಒಬ್ಬರಿಗೊಬ್ಬರು ಬಟ್ಟೆ ತೆಗೆಯಬೇಕು. ಹುಡುಗಿಯ ಧಾರೆ ಸೀರೆ ಗಂಡಿನವರದ್ದು. ಅದು ಅಪ್ಪಟ ರೇಷ್ಮೆಯೇ ಆಗಬೇಕು. ಎರಡೂ ಕಡೆಯ ಹೆಂಗಸರು ಅದನ್ನು ಮುಟ್ಟಿ ನೋಡುತ್ತಾರೆ. ಅವತ್ತು ಆಡಿದ ಮಾತು ಮೊಮ್ಮಕ್ಕಳ ನಾಮಕರಣದವರೆಗೂ ಬಾಳುತ್ತದೆ.

ನನಗೆ ಒಂದು ಗಿಳಿಹಸಿರು ಸೀರೆ ಹಿಡಿಸಿತ್ತು. ಅರಿಶಿನ ಬಣ್ಣದ ಸಣ್ಣ ಅಂಚು. ಹಿಡಿಸಿತು ಎಂದು ನಾನು ಹೇಳಲಿಲ್ಲ, ಆಗ ಹುಡುಗಿಯರು ಹಾಗೆಲ್ಲ ಹೇಳುತ್ತಿರಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ, ಅಷ್ಟೇ. ಅತ್ತೆ ಅದರ ಜರಿಯನ್ನು ಉಗುರಿನಿಂದ ಕೆರೆದರು. ಒಳ್ಳೆಯ ಜರಿಯೊಳಗೆ ಕೆಂಪು ರೇಷ್ಮೆ ದಾರ ಕಾಣಬೇಕು. ಇದರಲ್ಲಿ ಬಿಳಿ ಕಂಡಿತು. "ಬ್ಯಾಡ. ನಾಕು ದಿನಕ್ಕೆ ಕರ್ರಗಾಗ್ತೈತೆ," ಎಂದು ನನ್ನ ಕೈಯಡಿಯಿಂದ ಸೀರೆಯನ್ನು ಎಳೆದು ಆಚೆ ಸರಿಸಿದರು. ನನಗೆ ಸಿಕ್ಕಿದ್ದು ಇಟ್ಟಿಗೆ ಬಣ್ಣದ್ದು. ಅಪ್ಪಟ ರೇಷ್ಮೆ, ಅಪ್ಪಟ ಜರಿ. ಇಷ್ಟು ವರ್ಷವಾದರೂ ಬೀರುವಿನಲ್ಲಿ ಹಾಗೇ ಇದೆ. ಒಂದು ಎಳೆ ಬಿಟ್ಟಿಲ್ಲ, ಜರಿ ಮಂಕಾಗಿಲ್ಲ. ಹಾಳಾಗಿದ್ದರೆ ಪಾತ್ರೆಯವನಿಗಾದರೂ ಹಾಕಬಹುದಿತ್ತು. ಅದೂ ಆಗದೆ ಅದನ್ನು ಕಂಡಾಗಲೆಲ್ಲ ಸಣ್ಣಗೆ ಸಿಟ್ಟು ಬರುತ್ತದೆ.

ಆ ಸಿಟ್ಟನ್ನು ಯಾರೂ ಕಂಡಿಲ್ಲ ಎಂದೇ ನಾನು ನಂಬಿದ್ದೆ. ನಾನು ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಫೀಸು ಕಟ್ಟಲು ಬಂದು ರೇಗುವವರು, ಟಿ.ಸಿ. ಕೇಳಲು ಬಂದು ಅಳುವವರು, ಎಲ್ಲರನ್ನೂ ಒಂದೇ ಮುಖದಲ್ಲಿ ನೋಡಿ ಅಭ್ಯಾಸ. "ಗೋಡೆ ಮುಂದೆ ಕುಂತಂಗೆ ಆಗ್ತೈತೆ," ಎಂದು ನನ್ನ ಗಂಡ ದೂರುತ್ತಾರೆ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ.

ಸಿಟ್ಟಿದ್ದರೂ ಅತ್ತೆಯ ಜೊತೆ ಅಂಗಡಿಗೆ ಹೋಗುವುದು ತಪ್ಪಲಿಲ್ಲ. ಚೀಲ ಹಿಡಿಯಲು ಒಬ್ಬರು ಬೇಕಲ್ಲ. ಚೀಲ ಹಿಡಿದು ಹಿಡಿದು ನನಗೂ ಒಂದಿಷ್ಟು ಕೈ ಬಂತು. ಕಲಿಯಬೇಕೆಂದು ಕಲಿತದ್ದಲ್ಲ, ಪಕ್ಕದ ಮನೆಯ ಟಿ.ವಿ. ಧಾರಾವಾಹಿಯ ಕಥೆ ತಾನಾಗಿ ತಿಳಿಯುವ ಹಾಗೆ ತಿಳಿಯಿತು. ಒಂದು ದಿನ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಬಾಗಿಲಿಗೆ ಬಂದ ಬೆಡ್‌ಶೀಟಿನವನ ಗಂಟಿನಲ್ಲಿ ಕೈಯಾಡಿಸಿ, "ಇದರಾಗೆ ಹತ್ತಿ ಅರ್ಧಾನೂ ಇಲ್ಲ ನೋಡಪ್ಪಾ," ಎಂದುಬಿಟ್ಟೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅತ್ತೆ ಒಳಗಿನಿಂದ ಕೇಳಿಸಿಕೊಂಡಿದ್ದರು.

ಅವರಿಗೆ ಸಕ್ಕರೆ ಕಾಯಿಲೆ ಹಳೆಯದು. ಗುಳಿಗೆ ನುಂಗುತ್ತಿದ್ದರು, ಹಬ್ಬದಲ್ಲಿ ಹೋಳಿಗೆಯನ್ನೂ ನುಂಗುತ್ತಿದ್ದರು. ಒಂದು ಬೆಳಿಗ್ಗೆ ರೊಟ್ಟಿ ಬೇಯಿಸುತ್ತಿದ್ದವರು ಒಲೆಯ ಮೇಲಿನ ಹಂಚನ್ನು ಬರಿಗೈಯಲ್ಲಿ ಹಿಡಿದು ಪಕ್ಕಕ್ಕಿಟ್ಟರು. ಸದ್ದಿಲ್ಲ, ಸ್ ಎನ್ನಲಿಲ್ಲ, ಕೈ ಕೊಡವಲಿಲ್ಲ. ನಾನೇ ಕೂಗಿದೆ, "ಅತ್ತಿ, ಸುಡಲಿಲ್ಲೇನ್ರಿ?" ಅವರು ಕೈ ನೋಡಿಕೊಂಡರು. ಬೆರಳ ತುದಿಗಳಲ್ಲಿ ಬೊಬ್ಬೆ ಏಳುತ್ತಿದ್ದವು. ಅದನ್ನು ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದರು.

ಡಾಕ್ಟರು ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಚೂರು ಹತ್ತಿಯನ್ನು ಹಿಂಜಿ ಚೂಪು ಮಾಡಿ, ಬೆರಳ ತುದಿಗೆ ತಾಗಿಸಿದರು. ಮುಟ್ಟಿದಾಗ ಹೇಳಬೇಕು. ಹೆಬ್ಬೆರಳಿಗೆ ತಾಗಿಸಿದರು. ನಡುಬೆರಳಿಗೆ ತಾಗಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಶಾಲೆಯ ಮಗುವಿನ ಹಾಗೆ ಕಾಯುತ್ತಿದ್ದರು. ಕಾದು ಕಾದು, "ಮುಟ್ರಿ ಸಾರ್," ಎಂದರು. ಡಾಕ್ಟರು ಆಗಲೇ ಹತ್ತಿಯನ್ನು ಕಸದ ಡಬ್ಬಿಗೆ ಹಾಕಿದ್ದರು.

ನನಗೆ ಅಯ್ಯೋ ಅನಿಸಿತು. ಗಿಳಿಹಸಿರು ಸೀರೆ ಎಳೆದುಕೊಂಡವರು ಅವರೇ ಎಂಬುದು ನೆನಪಿದ್ದೂ ಅನಿಸಿತು.

ಹೊರಗೆ ಬಂದು ಆಟೋ ಹತ್ತುವಾಗ ಅತ್ತೆ ಹೇಳಿದ್ದು ಒಂದೇ ಮಾತು: "ಮಂದಿಗೆ ಹೇಳಬ್ಯಾಡ." ನನ್ನ ಗಂಡನಿಗೆ ಮಾತ್ರ ತಿಳಿಯಿತು, ಔಷಧಿ ತರುವವರು ಅವರೇ ಆದ್ದರಿಂದ. ಮೂವರ ನಡುವೆಯೂ ಆ ಮಾತು ಮತ್ತೆ ಬರಲಿಲ್ಲ. ಕೈ ಹೋಯಿತು ಎಂದು ತಿಳಿದರೆ ಕರೆಯುವುದು ನಿಲ್ಲುತ್ತದೆ. ಎಪ್ಪತ್ತು ದಾಟಿದ ಹೆಂಗಸನ್ನು ಗಾಡಿ ಕಳಿಸಿ ಕರೆಸಿಕೊಳ್ಳಲು ಬಳಗಕ್ಕೆ ಇದ್ದ ಕಾರಣ ಅದೊಂದೇ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ವಿಚಿತ್ರವೆಂದರೆ ಆಮೇಲೂ ಅವರ ತೀರ್ಪು ತಪ್ಪಲಿಲ್ಲ. ಕರೆ ಬಂದಲ್ಲೆಲ್ಲ ಹೋಗುತ್ತಿದ್ದರು, ಜೊತೆಗೆ ನಾನು. ಮೊದಲಿನ ಹಾಗೇ ಉಜ್ಜುತ್ತಿದ್ದರು, ಹಿಂಡುತ್ತಿದ್ದರು, ಚಲೋ ಐತೆ ಎಂದರೆ ಚಲೋ ಇರುತ್ತಿತ್ತು. ಕಣ್ಣಿನ ಅಂದಾಜು ಇರಬಹುದು, ಹಿಂಡಿದಾಗ ಆಗುವ ಸದ್ದು ಇರಬಹುದು, ಇಷ್ಟು ವರ್ಷದ ಅನುಭವ ಎಲ್ಲಿಗೆ ಹೋಗುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಒಂದೆರಡು ಅಭ್ಯಾಸ ಮಾತ್ರ ಬದಲಾಗಿದ್ದವು. ಮೊದಲು ನನ್ನನ್ನು ಹಿಂದೆ ಚೀಲಗಳ ಹತ್ತಿರ ಕೂರಿಸುತ್ತಿದ್ದವರು ಈಗ ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. "ಅಂಚು ಹರಿದೈತೇನೋ ನೋಡು, ನನಗೆ ಕಣ್ಣು ಸಾಲಂಗಿಲ್ಲ," ಎಂದು ಬಟ್ಟೆಯನ್ನು ಮೊದಲು ನನ್ನ ಕೈಗೆ ದಾಟಿಸುತ್ತಿದ್ದರು. ವಯಸ್ಸಾಯಿತು, ಸೊಸೆಗೆ ಸ್ವಲ್ಪ ಸಲಿಗೆ ಕೊಡುತ್ತಿದ್ದಾರೆ ಎಂದುಕೊಂಡೆ.

ಹೀಗಿರುವಾಗ ನಮ್ಮ ಮಗನಿಗೆ ಹರಿಹರದಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿ ಅಲ್ಲಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಮಾತು ಕಡಿಮೆ, ನೋಟ ನೇರ. ಹುಡುಗಿಯ ತಾಯಿ, ನನ್ನ ಬೀಗತಿ, ಬಟ್ಟೆಯ ವಿಷಯದಲ್ಲಿ ತಾನೇನೂ ಕಡಿಮೆಯಿಲ್ಲ ಎನ್ನುವವರು. ಜವಳಿಯ ದಿನ ಗೊತ್ತುಮಾಡಲು ಫೋನ್ ಮಾಡಿದಾಗ, "ನಿಮ್ಮತ್ತಿ ಬರ್ತಾರಲ್ರೀ? ಅವರ ಕೈ ಬಗ್ಗೆ ಭಾಳ ಕೇಳೀವಿ. ಧಾರಿ ಸೀರಿ ಅವರೇ ಆರಿಸಬೇಕು," ಎಂದರು. ಅದು ಗೌರವವೂ ಹೌದು, ಸಣ್ಣದೊಂದು ಸವಾಲೂ ಹೌದು.

ನನ್ನ ಗಂಡ ಫೋನಿನ ಮಾತು ಕೇಳಿ ಮೆತ್ತಗೆ ಹೇಳಿದರು, "ಅವ್ವಗ ಕಾಲುನೋವು ಅಂತ ಹೇಳಿ ಬಿಟ್ಟುಹೋಗಾನೇನು? ಹೊಸ ಬೀಗರು. ಏನರ ಹೆಚ್ಚುಕಮ್ಮಿ ಆದ್ರೆ..." ಮಾತು ಮುಗಿಸಲಿಲ್ಲ. ಮುಗಿಸುವುದೇನಿತ್ತು. ಅತ್ತೆ ತಪ್ಪು ಹೇಳಿದರೆ ಎರಡು ಬಳಗದ ಎದುರು ಅವರ ಹೆಸರು ಹೋಗುತ್ತದೆ. ಮನೆಯಲ್ಲೇ ಬಿಟ್ಟುಹೋದರೆ, ಹೆಸರು ಹೋಗಿದೆ ಎಂದು ನಾವೇ ಅವರಿಗೆ ಹೇಳಿದ ಹಾಗಾಗುತ್ತದೆ. "ಬಿಟ್ಟುಹೋಗೋ ಮಾತು ನೀವೇ ಹೇಳ್ರಿ ಹಂಗಾರೆ," ಎಂದೆ. ಅವರು ಪೇಪರ್ ಎತ್ತಿಕೊಂಡರು.

ನಾನು ನನ್ನದೇ ಒಂದು ಉಪಾಯ ಮಾಡಿಕೊಂಡಿದ್ದೆ. ಅತ್ತೆ ಹೇಗೂ ಬಟ್ಟೆಯನ್ನು ಮೊದಲು ನನ್ನ ಕೈಗೆ ಕೊಡುತ್ತಾರೆ. ಕೆಟ್ಟದ್ದು ಕಂಡರೆ ಅಂಚು ಸರಿಯಿಲ್ಲ ಎಂದು ಅಂಗಡಿಯವನಿಗೇ ವಾಪಸ್ ತಳ್ಳಿಬಿಡುವುದು. ಒಳ್ಳೆಯದು ಮಾತ್ರ ಅವರ ಮಡಿಲಿಗೆ ಹೋಗಬೇಕು. ಆಗ ಅವರು ಯಾವುದಕ್ಕೆ ಚಲೋ ಐತೆ ಎಂದರೂ ನಡೆಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಅತ್ತೆಗೂ ಕೂಡ.

ಜವಳಿಯ ದಿನ ಅತ್ತೆ ಬೆಳಿಗ್ಗೆಯೇ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಆಟೋ ಬರುವ ಮೊದಲೇ ಗೇಟಿನ ಹತ್ತಿರ ನಿಂತಿದ್ದರು. ಅಂಗಡಿಯಲ್ಲಿ ಹರಿಹರದವರು ಆಗಲೇ ಬಂದಿದ್ದರು: ಹುಡುಗಿ, ಅವಳ ಅಪ್ಪ, ಬೀಗತಿ, ಬೀಗತಿಯ ತಂಗಿ. "ಬರ್ರಿ, ಕೂಡ್ರಿ, ನಿಮಗೇ ಕಾಯಾಕತ್ತಿದ್ವಿ," ಎಂದು ಅತ್ತೆಗೆ ಗಾದಿಯ ನಡುವೆ ಜಾಗ ಬಿಟ್ಟರು. ಅತ್ತೆ ಕೂತರು, ನನ್ನನ್ನು ಎದುರಿಗೆ ಕೂರಿಸಿಕೊಂಡರು. ಬೈಕಿನಲ್ಲಿ ಬಂದ ನನ್ನ ಗಂಡನೂ ಮಗನೂ ಹಿಂದೆ ಕೂತರು.

ಗಂಡಸರ ಬಟ್ಟೆ ಬೇಗ ಮುಗಿಯಿತು, ಎಂದಿನ ಹಾಗೆ. ಆಮೇಲೆ ಅಂಗಡಿಯವನು ಧಾರೆ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹರಡತೊಡಗಿದ. ನನ್ನ ಉಪಾಯ ಸರಾಗವಾಗಿ ನಡೆಯುತ್ತಿತ್ತು. ಹುಣಸೆ ಬಣ್ಣದ್ದೊಂದು ಅಪ್ಪಟವಾಗಿತ್ತು, ದಾಟಿಸಿದೆ. ಅತ್ತೆ ಉಜ್ಜಿ, "ಚಲೋ ಐತೆ," ಎಂದರು. ಬೀಗತಿ ತಾವೂ ಉಜ್ಜಿ ತಲೆಯಾಡಿಸಿದರು. ನನ್ನ ಗಂಡ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಇನ್ನೇನು ಅದೇ ಆಗುತ್ತದೆ ಎನ್ನುವಾಗ ನಾನು ಹುಡುಗಿಯ ಕಡೆ ನೋಡಿದೆ.

ಅವಳ ಕೈ ಬೇರೆ ಸೀರೆಯ ಮೇಲಿತ್ತು. ಸಂಪಿಗೆ ಬಣ್ಣ, ಕುಂಕುಮದ ಅಂಚು. ನೋಡಲು ಚೆಂದವೇ. ಅವಳು ಅದನ್ನು ಬಿಚ್ಚಿರಲಿಲ್ಲ, ಮೈಮೇಲೆ ಹಾಕಿಕೊಂಡು ಕನ್ನಡಿ ನೋಡಿರಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು, ಅಷ್ಟೇ.

ಬೀಗತಿಯೂ ಅದನ್ನು ಕಂಡರು. ಅಂಚನ್ನು ಎಳೆದುಕೊಂಡು ಉಜ್ಜಿ, "ಪ್ಯೂರ್ ಏನಪ್ಪಾ ಇದು?" ಎಂದು ಅಂಗಡಿಯವನನ್ನು ಕೇಳಿದರು. ಅವನು, "ನೋಡಾಕೆ ಪ್ಯೂರ್ ಇದ್ದಂಗೇ ಐತ್ರಿ ಅಮ್ಮಾರೆ," ಎಂದ. ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸಭ್ಯ ಮಾತು ನಾನು ಕೇಳಿಲ್ಲ. "ಬಿಡವಾ ಅದನ್ನ. ಧಾರಿಗೆ ನಡೆಯಂಗಿಲ್ಲ," ಎಂದು ಬೀಗತಿ ಮಗಳಿಗೆ ಮೆಲ್ಲಗೆ ಹೇಳಿದರು. ಹುಡುಗಿ ಕೈ ತೆಗೆದಳು. ತೆಗೆದು, ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡತೊಡಗಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೀಗತಿಗೆ ಏನೆನಿಸಿತೋ, ಮಗಳ ಮುಖ ನೋಡಿ ಕನಿಕರವೋ, ಕೇಳಿದ ಕೈಯನ್ನು ಪರೀಕ್ಷಿಸುವ ಆಸೆಯೋ, ಆ ಸೀರೆಯನ್ನೇ ಅತ್ತೆಯ ಕಡೆ ಸರಿಸಿ, "ಹಿರಿಯರು ನೀವೇ ಒಂದು ಮಾತು ಹೇಳಿಬಿಡ್ರಿ," ಎಂದರು.

ಅತ್ತೆ ಎಂದಿನಂತೆ ಅದನ್ನು ನನ್ನ ಕೈಗೆ ಕೊಟ್ಟರು. "ಅಂಚು ನೋಡು."

ಅಂಚು ನೋಡುವ ನೆಪದಲ್ಲಿ ಅಂಗೈಯೊಳಗೆ ಹಿಡಿದೆ. ರೇಷ್ಮೆಯಾದರೆ ಸ್ವಲ್ಪ ಹೊತ್ತು ಹಿಡಿದರೆ ಕೈಯ ಬಿಸಿ ಹೀರಿಕೊಂಡು ಬೆಚ್ಚಗಾಗುತ್ತದೆ. ಇದು ತಣ್ಣಗೇ ಜಾರಿತು. ಮಿಕ್ಸು, ಅದೂ ರೇಷ್ಮೆ ಕಡಿಮೆ. ಅಂಗಡಿಯವನಿಗೆ ತಳ್ಳುವ ಹಾಗಿರಲಿಲ್ಲ, ಬೀಗತಿಯ ಕಣ್ಣು ಸೀರೆಯ ಮೇಲೇ ಇತ್ತು. ಅತ್ತೆಯ ಮಂಡಿ ಅದುಮಿ ತಿಳಿಸೋಣವೆಂದರೆ ಎದುರಿಗೆ ಕೂತಿದ್ದೆ, ಕೈ ಎಟುಕದು. ನನ್ನ ಗೋಡೆ ಮುಖ ಹಾಕಿಕೊಂಡು ಸೀರೆ ದಾಟಿಸಿದೆ.

ಅತ್ತೆ ಉಜ್ಜಿದರು. ಯಾವತ್ತಿಗಿಂತ ಹೆಚ್ಚು ಹೊತ್ತು ಉಜ್ಜಿದರು. ಫ್ಯಾನು ನೋಡುತ್ತಿದ್ದ ಹುಡುಗಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ, "ಚಲೋ ಐತೆ," ಎಂದರು.

ಬೀಗತಿ ತಂಗಿಯ ಮುಖ ನೋಡಿದರು. ತಂಗಿ ಇವರ ಮುಖ ನೋಡಿದರು. ಅಂಗಡಿಯವನು ಮಡಿಸಿದ್ದನ್ನೇ ಮತ್ತೆ ಮಡಿಸತೊಡಗಿದ. ನಾನು ಬಾಯಿ ಬಿಟ್ಟಿದ್ದರೆ ಧಾರೆಗೆ ಅಪ್ಪಟ ರೇಷ್ಮೆ ಬರುತ್ತಿತ್ತು, ಅತ್ತೆ ಮಾತ್ರ ಮತ್ತೆ ಆ ಗಾದಿಯ ಮೇಲೆ ಕೂರುತ್ತಿರಲಿಲ್ಲ. ಸುಮ್ಮನಿದ್ದೆ.

ಅತ್ತೆ ಇಷ್ಟಕ್ಕೆ ನಿಲ್ಲಿಸಲಿಲ್ಲ. "ಆ ಹುಣಸಿ ಬಣ್ಣದ್ದನ್ನೂ ಕಟ್ಟಪ್ಪಾ, ಮರುದಿನದ ಪೂಜಿಗೆ ಆಗ್ತೈತೆ. ಧಾರಿಗೆ ಇದು," ಎಂದು ಸಂಪಿಗೆ ಬಣ್ಣದ ಸೀರೆಯ ಮೇಲೆ ತಟ್ಟಿದರು. ಹಿರಿಯರು ತಟ್ಟಿದ ಮೇಲೆ ಯಾರು ಮಾತಾಡುತ್ತಾರೆ? ಎರಡೂ ಸೀರೆ ತೆಗೆದುಕೊಂಡಿದ್ದರಿಂದ ಗಂಡಿನವರು ಕಂಜೂಸು ಎನ್ನುವ ಹಾಗೂ ಇಲ್ಲ. ಇನ್ನು ಹರಿಹರದವರಿಗೆ ಅಂದುಕೊಳ್ಳಲು ಉಳಿದದ್ದು ಒಂದೇ: ಮುದುಕಿಗೆ ಗೊತ್ತಾಗಲಿಲ್ಲ. ಹುಡುಗಿ ಮಾತ್ರ ಫ್ಯಾನಿನಿಂದ ಕಣ್ಣು ಕೆಳಗಿಳಿಸಿದ್ದಳು.

ಧಾರೆ ಸೀರೆಯನ್ನು ತೆಗೆದ ದಿನವೇ ಹುಡುಗಿಯ ಮನೆಗೆ ಒಯ್ದು ಉಡಿ ತುಂಬುವುದು ನಮ್ಮಲ್ಲಿ ರೂಢಿ. ಎಲ್ಲರೂ ಹರಿಹರಕ್ಕೆ ಹೋದೆವು. ಗಂಡನಿಲ್ಲದವರು ತುಂಬಬಾರದೆಂಬ ಕಟ್ಟು ನಮ್ಮಲ್ಲಿಲ್ಲ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಅತ್ತೆ ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಮೇಲೆ ಆ ಸೀರೆ ಇಟ್ಟರು. ಅಕ್ಕಿ ಬೆರಳಿನಿಂದ ಜಾರಿ ಒಂದಿಷ್ಟು ನೆಲಕ್ಕೆ ಬಿತ್ತು. ಯಾರೂ ನೋಡದ ಹಾಗೆ ಕಾಲಿನಿಂದ ಮಣೆಯಡಿಗೆ ಸರಿಸಿದೆ. ಹುಡುಗಿ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದ್ದು ನಮಸ್ಕಾರ ಮಾಡುವಾಗಲೂ ಒಂದು ಕೈ ಸೀರೆಯ ಮೇಲೇ ಇತ್ತು.

ನಾನು ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಬೀಗತಿಯ ತಂಗಿ ಬಾಗಿಲಿಗೆ ಬೆನ್ನು ಹಾಕಿ ಚಹಾ ಸೋಸುತ್ತಿದ್ದರು. "ಏನು ದೊಡ್ಡ ಕೈ ಅಂತಿದ್ರು. ಮಿಕ್ಸೂ ತಿಳೀಲಿಲ್ಲ ನೋಡು. ವಯಸ್ಸಾತು ಪಾಪ, ಕೈ ಹೋಗೈತೆ," ಎನ್ನುತ್ತಿದ್ದರು. ಬೀಗತಿ ನನ್ನನ್ನು ಕಂಡು ಬಟ್ಟಲು ಹುಡುಕತೊಡಗಿದರು. ನಾನು ನೀರು ಕುಡಿದು ಬಂದೆ. ಪಡಸಾಲೆಯಲ್ಲಿ ಅತ್ತೆ ಅಡುಗೆಮನೆಯ ಬಾಗಿಲಿನ ಪಕ್ಕದಲ್ಲೇ ಕೂತಿದ್ದರು. ಅವರ ಕಿವಿ ಇನ್ನೂ ಚುರುಕು.

ಗಂಡನೂ ಮಗನೂ ಬೈಕಿನಲ್ಲಿ ಮುಂದೆ ಹೋದರು, ನಾವಿಬ್ಬರು ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅತ್ತೆ. ಇನ್ನೂ ಬಿಸಿಲಿತ್ತು. ಬಸ್ಸು ಹರಿಹರದ ಗದ್ದಲ ದಾಟಿದ ಮೇಲೆ ನಾನೇ ಶುರು ಮಾಡಿದೆ.

"ಅತ್ತಿ, ಆ ಸೀರಿ..."

"ಮಿಕ್ಸು," ಎಂದರು.

"ಮತ್ತೆ ಚಲೋ ಐತೆ ಅಂದ್ರಲ್ರಿ?"

"ಚಲೋ ಐತಲ್ಲ. ಉಡೋ ಹುಡುಗಿ ಮುಖ ನೋಡಲಿಲ್ಲೇನು ನೀನು?"

"ಅಲ್ರೀ, ನಿಮಗೆ ಮಿಕ್ಸು ಅಂತ ಹೆಂಗೆ ತಿಳೀತು? ಬೆರಳಿಗೆ..."

"ಬೆರಳಿಗೇನು ತಿಳೀತೈತೆ, ಮಣ್ಣು," ಎಂದರು. "ನಿನ್ನ ಮುಖ ನೋಡಿದೆ. ಡಾಕ್ಟ್ರ ಹತ್ರ ಹೋಗಿಬಂದಾಗಿಂದ ಅದನ್ನೇ ನೋಡಾಕತ್ತೀನಿ. ಚಲೋ ಬಟ್ಟಿ ಆದ್ರೆ ನಿನ್ನ ಹುಬ್ಬು ಇಳೀತಾವೆ. ಮಿಕ್ಸ್ ಆದ್ರೆ ಕೆಳಗಿನ ತುಟಿ ಒಳಗೆ ಹೋಗ್ತೈತೆ. ಇವತ್ತಂತೂ ಪೂರಾ ನುಂಗಿಬಿಟ್ಟಿದ್ದಿ."

ನನ್ನ ಕೈ ತಾನಾಗಿ ತುಟಿಗೆ ಹೋಯಿತು. ಶಾಲೆಯ ಆಫೀಸಿನ ಗೋಡೆ, ಗಂಡ ದೂರುವ ಗೋಡೆ, ಇವರಿಗೆ ಮಾತ್ರ ಪಾಟಿಯ ಮೇಲೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ನಾನು ಅವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಅವರು ನನ್ನ ಕೈಯಿಂದಲೇ ಬಟ್ಟೆ ಮುಟ್ಟುತ್ತಿದ್ದರು. ಸಿಟ್ಟು ಬರಬೇಕಿತ್ತು. ನಗು ಬಂತು. ಅವರು ನಗಲಿಲ್ಲ.

"ಹರಿಹರದೋರು ನಿಮ್ಮ ಕೈ ಹೋಗೈತೆ ಅಂತಾರ್ರಿ," ಎಂದೆ. ಹೇಳಬಾರದೆಂದುಕೊಂಡೇ ಹೇಳಿದೆ.

"ಕೇಳಿದೆ. ಹೋಗೈತಲ್ಲ, ಅವರೇನು ಸುಳ್ಳು ಹೇಳಿದ್ರೇನು?" ಎಂದು ಕಿಟಕಿಯ ಕಡೆ ತಿರುಗಿದರು. "ಇನ್ನು ಯಾರೂ ಕರಿಯಂಗಿಲ್ಲ. ಇರ್ಲಿ, ಕುಂತು ಕುಂತು ಸೊಂಟ ನೋಯ್ತಿತ್ತು."

ಸೊಂಟ ನೋಯುವ ಮಾತು ಅವರು ಅದೇ ಮೊದಲು ಆಡಿದ್ದು. ಗಾಡಿ ಬರುವ ಮೊದಲೇ ಗೇಟಿನಲ್ಲಿ ನಿಲ್ಲುವವರು ಅವರು. ಟಿಕೆಟ್ಟನ್ನು ಮಡಿಸುತ್ತಾ ಕೂತೆ.

ಬಸ್ಸು ದಾವಣಗೆರೆಯ ಹತ್ತಿರ ಬಂದಿತ್ತು. ಅತ್ತೆ ಹೊರಗೆ ನೋಡುತ್ತಲೇ, "ಆ ಗಿಳಿಹಸಿರು ಸೀರಿ ನಿನಗೂ ಕೊಡಿಸಬೇಕಾಗಿತ್ತು," ಎಂದರು. "ಜರಿ ಕರ್ರಗಾದ್ರೆ ಆಗ್ತಿತ್ತು. ಅವತ್ತು ನಾ ಬರೇ ಬಟ್ಟಿ ನೋಡಿದೆ."

ಆ ಸೀರೆಯ ಮಾತನ್ನು ನಾನು ಯಾರ ಹತ್ತಿರವೂ ಆಡಿದವಳಲ್ಲ. "ನಿಮಗೆ ಗೊತ್ತಿತ್ತೇನ್ರಿ?" ಎಂದೆ.

"ಅವತ್ತು ಗೊತ್ತಾಗಲಿಲ್ಲ. ಆಮ್ಯಾಲೆ ಗೊತ್ತಾತು. ಧಾರಿ ಮುಗಿದ ಮ್ಯಾಲೆ ಆ ಇಟ್ಟಿಗಿ ಬಣ್ಣದ್ದು ಯಾವತ್ತರ ಉಟ್ಟೀಯೇನು ನೀನು?"

ಹಳೆಯ ರೂಢಿಯಂತೆ ಅವರ ಕೈ ನನ್ನ ಮಡಿಲ ಕಡೆ ಬಂದು ಸೆರಗಿನ ತುದಿಯನ್ನು ಹುಡುಕಿ, ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಹಿಡಿದು ಮೆಲ್ಲಗೆ ಉಜ್ಜತೊಡಗಿತು.

"ಯಾವುದಿದು?" ಎಂದು ಕೇಳಿದರು.

"ಕಾಟನ್ ರೀ."

ನಿಜವೋ ಸುಳ್ಳೋ ಎಂದು ಅವರು ನನ್ನ ಮುಖ ನೋಡಿದರು. ನಾನು ಮುಖ ತಿರುಗಿಸಲಿಲ್ಲ.